‘ಸ್ಲಡ್ಜ್’ ಎಂದರೆ ಕೆಸರೋ, ಹೆಪ್ಪೋ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಿಸುವ ಘಟಕ) ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಕೊಳಚೆನೀರಿನ ಶುದ್ಧೀಕರಣದಿಂದ ಹೊರಡುವ ಹಸಿರುಮನೆ ಅನಿಲಗಳನ್ನು ತಗ್ಗಿಸುವ ಅಧ್ಯಾಯಕ್ಕೆ ಬಂದಾಗ ‘ಸ್ಲಡ್ಜ್’ ಎಂಬ ಪದ, ಅಂದರೆ ಶುದ್ಧೀಕರಣದ ಟ್ಯಾಂಕಿನ ತಳಕ್ಕೆ ಕೂರುವ ಮಂದ ವಸ್ತುವಿನ ಹೆಸರು, ಕಾಲಿಗೆ ತೊಡರಿಕೊಂಡಿದೆ.

ಮೊದಲು ‘ಕೆಸರು’ ಎಂದೇ ಬರೆದಿದ್ದೆ. ಕರಡು ಓದಿದ ಆಪರೇಟರ್ ಒಬ್ಬರು, “ಕೆಸರಾದ್ರೆ ತೆಗ್ದು ಹಾಕ್ಬೇಕಲ್ವಾ ಸಾರ್, ಮತ್ತೆ ಟ್ಯಾಂಕಿಗೆ ಯಾಕೆ ಬಿಡೋದು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ತಳಕ್ಕೆ ಕೂತದ್ದನ್ನು ಚೆಲ್ಲದೆ ಉಳಿಸಿಕೊಂಡು, ಅದಕ್ಕೆ ಹೊಸ ಕೊಳಚೆ ಸೇರಿಸಿ ಗಾಳಿ ಊದಿದರೆ ನೀರು ಬಲುಬೇಗ ತಿಳಿಯಾಗುತ್ತದೆ ಎಂದು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರಸಾಯನತಜ್ಞರಾದ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿದ್ದರು. ಅದರ ತುಂಬ ಇರುವುದು ಜೀವಂತ ಬ್ಯಾಕ್ಟೀರಿಯಾ. ನಿನ್ನೆಯ ಮೊಸರನ್ನು ಒಂದು ಚಮಚ ಎತ್ತಿಟ್ಟು ಇವತ್ತಿನ ಹಾಲಿಗೆ ಬಿಡುತ್ತೇವಲ್ಲ, ಅದೇ ಲೆಕ್ಕ. ಹಾಗಾಗಿ ‘ಹೆಪ್ಪು’ ಎಂದೆ. ಅವರಿಗೆ ಥಟ್ಟನೆ ತಿಳಿಯಿತು. ಆದರೆ ‘ಹೆಪ್ಪುಗಟ್ಟು’ ಎಂಬಲ್ಲಿನ ಗಟ್ಟಿಯಾಗುವ ಅರ್ಥ ಇಲ್ಲಿ ಅಡ್ಡ ಬಂದೀತೇ?

ಬೇಕಾದ್ದಕ್ಕಿಂತ ಹೆಚ್ಚಾಯಿತೆಂದು ಹೊರತೆಗೆಯುವ ಪಾಲಿಗೆ ‘ಗಸಿ’ ಎಂದುಕೊಂಡಿದ್ದೇನೆ. ಎರಡು ಪದ ಬೇಕೇಬೇಕು, ಏಕೆಂದರೆ ಎರಡರಿಂದ ಏಳುವ ಅನಿಲ ಬೇರೆ, ಮದ್ದೂ ಬೇರೆ. ಹೆಪ್ಪಿಗೆ ಗಾಳಿ ಅರೆಕೊರೆಯಾದರೆ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿಯೇರಿಸುತ್ತದೆ. ಹಾಗೆಂದು ಗಾಳಿ ಊದುವ ಬ್ಲೋವರನ್ನು ಸುಮ್ಮನೆ ಓಡಿಸಿದರೆ ಕರೆಂಟು ದಂಡ, ಆ ಕರೆಂಟಿನ ಹಿಂದೆ ಕಲ್ಲಿದ್ದಲು. ಗಾಳಿ ಹದವಾಗಿರಬೇಕು. ಗಸಿಯ ಕತೆ ಬೇರೆ: ಗಾಳಿಯಿಲ್ಲದೆ ಕೊಳೆಯುತ್ತ ಬಿದ್ದರೆ ಮೀಥೇನ್, ಸುಮಾರು 28 ಪಟ್ಟು. ಅದನ್ನು ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಡದೆ ತೆಗೆದು ಒಣಗಿಸಬೇಕು. ದೊಡ್ಡ ಘಟಕಗಳಲ್ಲಾದರೆ ಗಾಳಿಯಿಲ್ಲದೆ ಕೊಳೆಸುವ ಮುಚ್ಚಿದ ತೊಟ್ಟಿಗೆ, ಅಂದರೆ ಡೈಜೆಸ್ಟರಿಗೆ, ಹಾಕಿ ಗ್ಯಾಸು ಹಿಡಿದು ಉರಿಸಬಹುದು. ಎರಡಕ್ಕೂ ‘ಕೆಸರು’ ಎಂದರೆ ಓದುವವರು ಯಾವುದಕ್ಕೆ ಏನು ಮಾಡಬೇಕು?

ಇನ್ನು ಡೈಜೆಸ್ಟರಿನಿಂದ ಹೊರಬರುವ ದ್ರವ. ಮಲೆನಾಡಿನಲ್ಲಿ ಗೋಬರ್ ಗ್ಯಾಸಿನದಕ್ಕೆ ‘ಬಗ್ಗಡ’ ಎನ್ನುತ್ತಾರೆ, ಬಲು ಒಳ್ಳೆಯ ಪದ. ಆದರೂ ನನಗೆ ಅಳುಕಿದೆ. ಬಗ್ಗಡವೆಂದರೆ ರೈತರು ನಂಬಿ ತೋಟಕ್ಕೆ ಬಿಡುವ ಗೊಬ್ಬರ. ನಗರದ ಕೊಳಚೆಯಿಂದ ಬಂದ ದ್ರವದಲ್ಲಿ ರೋಗಾಣು, ಭಾರಲೋಹ ಇರಬಹುದು. ಪದದ ಜೊತೆ ಆ ನಂಬಿಕೆಯೂ ಹೋಗಿಬಿಟ್ಟರೆ?

ಉತ್ತರ ಕರ್ನಾಟಕದವರು ‘ಗಸಿ’ಗೆ ‘ಮಡ್ಡಿ’ ಎನ್ನುವಿರಾ, ‘ರಾಡಿ’ಯೇ ಸಾಕೇ? ಎಸ್‌ಟಿಪಿಯಲ್ಲಿ ದುಡಿಯುವವರ ಬಾಯಲ್ಲಿ ಕೇಳಿದ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ. ಅದಕ್ಕೇ ನನ್ನ ಮೊದಲ ಮಣೆ.