ಸಹಾಯ ಬೇಕು: ಗೂಗಲ್‌ನಿಂದ ನಮ್ಮ ವೆಬ್‌ಸೈಟ್ ಪೂರ್ತಿ ಮಾಯ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ಹೋಂಸ್ಟೇ ಇದೆ. ಅದರ ವರ್ಡ್‌ಪ್ರೆಸ್ ಸೈಟ್, ಹೋಸ್ಟಿಂಗ್ ಬದಲಾಯಿಸಿದ ಮೇಲೆ, ಗೂಗಲ್‌ನಲ್ಲಿ ಹೆಸರು ಹಾಕಿ ಹುಡುಕಿದರೂ ಸಿಗುತ್ತಿಲ್ಲ. ಬಿಂಗ್‌ನಲ್ಲಿ ಇನ್ನೂ ಇದೆ.

ಗೂಗಲ್ ಸೈಟ್ ಮಾಲೀಕರಿಗೆ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುವಲ್ ಆಕ್ಷನ್ (ಗೂಗಲ್ ಹಾಕುವ ದಂಡನೆ) ಇಲ್ಲ, ರಿಮೂವಲ್ಸ್ (ಪೇಜ್ ತೆಗೆಯಿರಿ ಅನ್ನುವ ಕೋರಿಕೆಗಳು) ಖಾಲಿ, ಗೂಗಲ್ ಯಾವ ಪೇಜ್ ಓದಬಹುದು ಎಂದು ಹೇಳುವ ರೋಬಾಟ್ಸ್ ಫೈಲ್ ಸರಿಯಾಗಿದೆ, ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ಬೇಡ ಅನ್ನುವ ಟಿಕ್ಕೂ ಇಲ್ಲ. ಆದರೆ ಯುಆರ್‌ಎಲ್ ಇನ್‌ಸ್ಪೆಕ್ಷನ್ (ಸರ್ಚ್ ಕನ್ಸೋಲ್‌ನಲ್ಲೇ ಒಂದು ಪೇಜಿನ ತಪಾಸಣೆ) ಮಾಡಿದರೆ ಎಕ್ಸ್-ರೋಬಾಟ್ಸ್-ಟ್ಯಾಗ್ ಹೆಡರ್‌ನಲ್ಲಿ ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡ ಅನ್ನುವ ಸೂಚನೆ) ಇದೆ ಅನ್ನುತ್ತದೆ. ಹೆಡರ್ ಅಂದರೆ ಪೇಜಿನ ಜೊತೆ ಸರ್ವರ್ ಕಳಿಸುವ ಮಾಹಿತಿ ಅಲ್ವಾ, ಪೇಜ್ ಸೋರ್ಸ್‌ನಲ್ಲಿ ಕಾಣೋದೂ ಇಲ್ಲ. ಹೋಸ್ಟಿಂಗ್‌ನವರನ್ನು ಕೇಳಿದರೆ ಸುಮ್ನೆ 'ನಮ್ಮ ಕಡೆಯಿಂದ ಏನೂ ಇಲ್ಲ ಸರ್' ಅಂತಾರೆ.

ಇದು ಸರ್ವರ್ ಸೆಟ್ಟಿಂಗ್ ಇರುವ ಎಚ್‌ಟಿಆಕ್ಸೆಸ್ ಫೈಲ್‌ನಿಂದ ಬರುತ್ತಿದೆಯಾ, ಪ್ಲಗಿನ್‌ನಿಂದಲಾ, ಸಿಡಿಎನ್‌ನಿಂದಲಾ (ಸೈಟಿನ ನಕಲನ್ನು ಬೇರೆ ಬೇರೆ ಕಡೆಯಿಂದ ಕೊಡುವ ಸರ್ವರ್‌ಗಳು), ಹೇಗೆ ಪತ್ತೆ ಮಾಡುವುದು? ತೆಗೆದ ಮೇಲೆ ಮುಖಪುಟಕ್ಕೆ ಮಾತ್ರ ರಿಕ್ವೆಸ್ಟ್ ಇಂಡೆಕ್ಸಿಂಗ್ (ಮತ್ತೆ ಸೇರಿಸಿ ಅಂತ ಗೂಗಲ್‌ಗೆ ಕೋರಿಕೆ) ಕೊಟ್ಟರೆ ಸಾಕಾ, ಪ್ರತಿ ಪೇಜಿಗೂ ಕೊಡಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ, ಬುಕಿಂಗ್ ನಿಂತೇ ಹೋಗಿದೆ.