ನೆಲ ಹೆಪ್ಪುಗಟ್ಟುವ ಮೊದಲು ಮಕ್ಕಳ ಕೈಲಿ ಬಿತ್ತಿಸಿ

ಎಲ್ಲರಿಗೂ ನಮಸ್ಕಾರ. ಚಳಿ ಬಂತೆಂದರೆ ಮಕ್ಕಳು ತಿಂಗಳುಗಟ್ಟಲೆ ಮಣ್ಣು ಮುಟ್ಟುವುದೇ ಇಲ್ಲ ಎಂಬ ಬೇಸರ ಹಿಮ ಬೀಳುವ ಊರುಗಳಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರಿಗಿದೆ. ಹೊಸದಾಗಿ ಬಂದು ಹಿತ್ತಲಿರುವ ಮನೆ ಹಿಡಿದವರಂತೂ ಮುಂದಿನ ಬೇಸಿಗೆಗೇ ನೋಡೋಣ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ಮೈನಸ್ 30 ಡಿಗ್ರಿಗೆ ಇಳಿಯುವ ಕಡೆಯೂ ಕೆಲವು ತರಕಾರಿಗಳನ್ನು ಚಳಿಗಾಲಕ್ಕೆ ಮುಂಚೆಯೇ ಬಿತ್ತಬಹುದು. ಹಿಮ ಕರಗಿದ ಮೇಲೆ ಹಿತ್ತಲು ಎಷ್ಟೋ ದಿನ ಕೆಸರಾಗಿರುತ್ತದೆ, ಕಾಲಿಡುವುದೂ ಕಷ್ಟ. ಬೀಜ ಆಗಲೇ ಮಣ್ಣೊಳಗಿದ್ದರೆ ಆ ತೇವದಲ್ಲೇ ಮೊಳೆತು, ವಸಂತದಲ್ಲಿ ಬಿತ್ತಿದ್ದಕ್ಕಿಂತ ಮುಂಚೆ ಮೇಲೆ ಬರುತ್ತದೆ. ಬೇಸಿಗೆ ಚಿಕ್ಕದಿರುವ ಕಡೆ ಇದು ದೊಡ್ಡ ಲಾಭ.

ಎಲ್ಲ ನಿಂತಿರುವುದು ಬಿತ್ತುವ ಹೊತ್ತಿನ ಮೇಲೆ. ಒಣ ಬೀಜ ಎಂಥ ಚಳಿಯನ್ನೂ ತಡೆಯುತ್ತದೆ. ಮೊಳಕೆಯೊಡೆದ ಎಳೆ ಸಸಿ ತಡೆಯುವುದಿಲ್ಲ. ಹಾಗಾಗಿ ಭಯಪಡಬೇಕಾದದ್ದು ಚಳಿಗಲ್ಲ, ಮಧ್ಯೆ ಬರುವ ಬೆಚ್ಚನೆಯ ವಾರಕ್ಕೆ. ಮಣ್ಣಿನ ಉಷ್ಣಾಂಶ 4 ಡಿಗ್ರಿಗಿಂತ ಕೆಳಗಿಳಿದು ಅಲ್ಲೇ ನಿಲ್ಲುವವರೆಗೂ ಕಾಯಿರಿ. ಈ ಕೆಲಸ ಮಕ್ಕಳಿಗೇ ವಹಿಸಿ: ದಿನಾ ಒಂದೇ ಹೊತ್ತಿಗೆ ಥರ್ಮಾಮೀಟರನ್ನು 5 ಸೆಂ.ಮೀ. ಆಳಕ್ಕೆ ಚುಚ್ಚಿ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಲಿ.

ಆದರೆ ಅಷ್ಟು ಹೊತ್ತಿಗೆ ನೆಲ ಗಟ್ಟಿಯಾಗಿ ಅಗೆಯಲು ಬಾರದಿರಬಹುದು. ಮಣ್ಣು ಮೆದುವಾಗಿದ್ದಾಗಲೇ ಪಾತಿ ಮಾಡಿ, ಸಾಲು ಕೊರೆದು, ಬೀಜ ಮುಚ್ಚಲು ಒಂದು ಬಕೆಟ್ ಒಣ ಮಣ್ಣನ್ನೋ ಕಾಂಪೋಸ್ಟನ್ನೋ ಮನೆಯೊಳಗೆ ಎತ್ತಿಟ್ಟುಕೊಳ್ಳಿ. ಹೊತ್ತು ಬಂದಾಗ ಬೀಜ ಉದುರಿಸಿ, ಆ ಮಣ್ಣು ಮುಚ್ಚಿದರೆ ಮುಗಿಯಿತು. ನೀರು ಹಾಕಲೇಬೇಡಿ. ಒಂದಷ್ಟು ಬೀಜ ಹಾಳಾಗುವುದರಿಂದ ಮಾಮೂಲಿಗಿಂತ ಒಂದೂವರೆ ಪಟ್ಟು ಹಾಕಿ. ಕ್ಯಾರೆಟ್ ಬೀಜ ತೀರಾ ಸಣ್ಣದು, ಮಕ್ಕಳ ಕೈಯಿಂದ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಒಣ ಮರಳಿನ ಜೊತೆ ಕಲಸಿಕೊಟ್ಟರೆ ಸಾಲಿನುದ್ದಕ್ಕೂ ಸಮನಾಗಿ ಬೀಳುತ್ತದೆ.

ಕ್ಯಾರೆಟ್, ಪಾಲಕ್, ಸಬ್ಬಸಿಗೆ, ಲೆಟ್ಯೂಸ್, ಪಾರ್ಸ್ಲಿ ಹೀಗೆ ಬರುತ್ತವೆ. ಬೆಂಡೆ, ಬೀನ್ಸ್, ಸೌತೆ, ಬದನೆಗೆ ಬೆಚ್ಚನೆಯ ಮಣ್ಣೇ ಬೇಕು, ಅವುಗಳನ್ನು ಈಗ ಹಾಕಿ ಕೊಳೆಸಬೇಡಿ.

ಮೊದಲ ವರ್ಷವಾದರೆ ಬೆಳ್ಳುಳ್ಳಿಯಿಂದಲೇ ಶುರುಮಾಡಿ ಅನ್ನುತ್ತೇನೆ. ಅದರ ಲೆಕ್ಕ ಮಾತ್ರ ಬೇರೆ: ನೆಲ ಹೆಪ್ಪುಗಟ್ಟುವುದಕ್ಕೆ ಸುಮಾರು 4 ವಾರ ಮುಂಚೆ ನೆಡಬೇಕು, ಬೇರು ಬಿಡಲು ಅಷ್ಟು ಸಮಯ ಬೇಕು. ಮಕ್ಕಳಿಗೆ ಗಡ್ಡೆ ಕೊಟ್ಟು ಎಸಳು ಬಿಡಿಸಲು ಹೇಳಿ, ಸಿಪ್ಪೆ ಸುಲಿಯುವುದು ಬೇಡ. ಚಪ್ಪಟೆ ಬುಡ ಕೆಳಕ್ಕೆ, ಚೂಪು ತುದಿ ಮೇಲಕ್ಕೆ. 5ರಿಂದ 8 ಸೆಂ.ಮೀ. ಆಳ, ಎಸಳಿನಿಂದ ಎಸಳಿಗೆ 15 ಸೆಂ.ಮೀ. ದೊಡ್ಡ ಎಸಳು ನೆಟ್ಟರೆ ಗಡ್ಡೆಯೂ ದೊಡ್ಡದು. ಬೆಳ್ಳುಳ್ಳಿಗೆ ಚಳಿ ಬೇಕೇ ಬೇಕು. ಚಳಿ ಸಾಲದಿದ್ದರೆ ಗಡ್ಡೆ ಎಸಳಾಗಿ ಒಡೆಯದೆ ಒಂದೇ ಉಂಡೆಯಾಗಿ ಉಳಿಯುತ್ತದೆ. ನಾವು ಬೈದುಕೊಳ್ಳುವ ಚಳಿಯಿಂದಲೇ ಒಂದು ಬೆಳೆ ಆಗುತ್ತದೆ ಅನ್ನುವುದನ್ನು ಇಲ್ಲೇ ಬೆಳೆಯುವ ಮಕ್ಕಳು ಕೈಯಾರೆ ಮಾಡಿ ತಿಳಿಯಲಿ ಎಂಬುದು ನನ್ನ ಆಸೆ. ನೆಲ ಗಟ್ಟಿಯಾದ ಮೇಲೆ ಬೆಳ್ಳುಳ್ಳಿ ಪಾತಿಗೆ 10 ಸೆಂ.ಮೀ. ದಪ್ಪ ಒಣಹುಲ್ಲು ಹೊದಿಸಿ.

ಪಾತಿಯ ಮೇಲೆ ಬಿದ್ದ ಹಿಮವನ್ನು ತೆಗೆಯಬೇಡಿ, ಅದೇ ಮಣ್ಣಿಗೆ ಕಂಬಳಿ. ಕಾಲುದಾರಿಯ ಹಿಮವನ್ನೂ ಅಲ್ಲಿಗೇ ಎಳೆದು ಹಾಕಬಹುದು, ಉಪ್ಪು ಎರಚಿದ್ದು ಮಾತ್ರ ಬೇಡ.

ಇನ್ನು ಪ್ರತಿ ಸಾಲಿನ ಎರಡೂ ತುದಿಗೆ ಕಡ್ಡಿ ನೆಟ್ಟು, ಹೆಸರನ್ನು ಮಕ್ಕಳ ಕೈಲೇ ಪೆನ್ಸಿಲ್‌ನಲ್ಲಿ ಬರೆಸಿ. ಪೆನ್ನಿನ ಶಾಯಿ ಹಿಮದಲ್ಲಿ ಅಳಿಸಿಹೋಗುತ್ತದೆ. ಸಾಲು ಎಲ್ಲಿದೆ ಅಂತ ತಿಳಿಯದಿದ್ದರೆ ವಸಂತದಲ್ಲಿ ಕಳೆ ಕೀಳುವಾಗ ಎಳೆ ಕ್ಯಾರೆಟ್ ಸಸಿಗಳನ್ನೂ ಕಿತ್ತುಹಾಕಿಬಿಡುತ್ತೇವೆ.