ಸಹಾಯ ಬೇಕು: ಟರ್ಕಿ ಬೇಟೆಯ ಕೋವಿಯಲ್ಲಿ ಚರೆ ಚದುರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿಸೌರಿಯಲ್ಲಿ. ಏಪ್ರಿಲ್‌ನಲ್ಲಿ ಇಲ್ಲಿ ಕಾಡು ಟರ್ಕಿ ಕೋಳಿ ಬೇಟೆಯ ಸೀಸನ್, ಪರ್ಮಿಟ್ ಮಾಡಿಸುತ್ತೇನೆ. ಈ ಸಲ ನಳಿಗೆಯ ಬಾಯಿಂದ ಮದ್ದು ತುಂಬುವ 12 ಬೋರಿನ ಜೋಡುನಳಿಗೆ ಕೋವಿಯಲ್ಲೇ ಹೋಗಬೇಕು ಅಂತ ತುಂಬಾ ಆಸೆ. ನಮ್ಮ ಕಡೆ ಕೇಪಿನ ಕೋವಿ ಅಂತಾರಲ್ಲ, ಅದೇ ಥರದ್ದು.

ನಳಿಗೆಗೆ ಚೋಕ್ (ತುದಿಯನ್ನು ಕಿರಿದು ಮಾಡುವ ಭಾಗ) ಇಲ್ಲ, ಚರೆ, ಅಂದರೆ ಸಣ್ಣ ಗುಂಡುಗಳು, ಜಾಸ್ತಿ ಹರಡುತ್ತದೆ. ಟರ್ಕಿಗೆ ತಲೆ, ಕತ್ತಿಗೇ ಹೊಡೆಯಬೇಕು, ಅಲ್ವಾ? ಮೈಗೆ ಬಿದ್ದರೆ ಗಾಯದಲ್ಲೇ ಓಡಿ ಎಲ್ಲೋ ನರಳುತ್ತದೆ. ಅದು ನನಗೆ ಬೇಡವೇ ಬೇಡ.

ಈಗ ಹಾಕುತ್ತಿರುವುದು 80 ಗ್ರೇನ್ 2ಎಫ್ (ಕಾಳಿನ ಗಾತ್ರ) ಕಪ್ಪು ಮದ್ದು, ಅದರ ಮೇಲೆ ದಪ್ಪ ರಟ್ಟಿನ ಬಿಲ್ಲೆ, ಫೆಲ್ಟ್, ಒಂದೂಕಾಲು ಔನ್ಸ್ 5ನೇ ನಂಬರ್ ಚರೆ, ಕೊನೆಗೆ ತೆಳು ಬಿಲ್ಲೆ. 25 ಗಜದಲ್ಲಿ ಕಾಗದ ಕಟ್ಟಿ ಹೊಡೆದರೆ ಸುತ್ತಲೂ ತೂತು, ನಡುವೆ ಕೈಯಗಲ ಖಾಲಿ. ದಪ್ಪ ಫೆಲ್ಟ್ ಹಿಂದಿನಿಂದ ನುಗ್ಗಿ ಚರೆ ಚದುರಿಸುತ್ತಿದೆ ಅನ್ನುವುದು ನನ್ನ ಅನುಮಾನ.

ಫೆಲ್ಟ್ ಬಿಟ್ಟು ಬರೀ ರಟ್ಟು ಹಾಕಲೇ? ಮದ್ದು 70ಕ್ಕೆ ಇಳಿಸಲೇ? ಇನ್ನೊಂದು, ಬೆಳಗಿನ ಇಬ್ಬನಿಯಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು ಸುಮ್ನೆ ಟಪ್ ಅಂದು ಮದ್ದು ಹೊತ್ತದಿದ್ದರೆ ಏನು ಉಪಾಯ? ಇಂಥ ಕೋವಿ ಬಳಸಿದವರು ದಯವಿಟ್ಟು ತಿಳಿಸಿ. ಹುಂಜ 20 ಗಜದೊಳಗೆ ಬರುವವರೆಗೆ ಕಾಯಲು ನಾನು ತಯಾರು.